ಥೆರಪಿಸ್ಟ್ ಎದುರು ಕೂತವರ ಪ್ರಶ್ನೆಗಳು

ಥೆರಪಿ ಎಂದರೆ ಮಾತಿನ ಮೂಲಕ ನಡೆಯುವ ಚಿಕಿತ್ಸೆ. ತರಬೇತಿ ಪಡೆದ ಒಬ್ಬರು, ಕಷ್ಟದಲ್ಲಿರುವ ಇನ್ನೊಬ್ಬರು ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತಿಗೆ ಎದುರುಬದುರು ಕೂತು ಮಾತಾಡುತ್ತಾರೆ. ಯೋಚನೆ, ಭಾವನೆ, ನಡವಳಿಕೆ ಇವುಗಳಲ್ಲಿ ಬದಲಾವಣೆ ತರುವುದು ಆ ಮಾತಿನ ಉದ್ದೇಶ. ಇದಕ್ಕೆ ಬರುವವರ ಪ್ರಶ್ನೆಗಳಲ್ಲಿ ಎರಡು ಬಗೆ. ಯಾರನ್ನು ಕಾಣಬೇಕು, ಎಷ್ಟು ಸಲ ಬರಬೇಕು, ಫೀಸು ಎಷ್ಟು, ಮಾತ್ರೆ ತಗೋಬೇಕಾ ಎಂಬವು ಮೊದಲ ಬಗೆ. ಇವನ್ನು ಫೋನಿನಲ್ಲೋ ರಿಸೆಪ್ಷನ್‌ನಲ್ಲೋ ಕೇಳಿಬಿಡುತ್ತಾರೆ. ಹೇಳಿದ್ದು ಹೊರಗೆ ಹೋಗುತ್ತದಾ, ಇವರು ನನ್ನ ಬಗ್ಗೆ ಏನಂದುಕೊಂಡಿರಬಹುದು, ಇವರ ಮೇಲೇ ಸಿಟ್ಟು ಬಂದರೆ ಏನು ಮಾಡುವುದು, ಬರುವುದನ್ನು ನಿಲ್ಲಿಸಿಬಿಡಲಾ ಎಂಬವು ಎರಡನೆಯ ಬಗೆ. ಇವನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. ಚಿಕಿತ್ಸೆ ಮುಂದುವರಿಯುತ್ತದೋ ನಡುವೆ ಕಡಿದುಹೋಗುತ್ತದೋ ಎಂಬುದರಲ್ಲಿ ಈ ಎರಡನೆಯ ಬಗೆಯ ಪಾಲು ದೊಡ್ಡದು. ಅವನ್ನು ಕೇಳಲು ತಕ್ಕ ಜಾಗವೂ ಥೆರಪಿಯ ಕೋಣೆಯೇ.

ಮೈಸೂರಿನ ಹಿನ್ನೆಲೆ

ಮೈಸೂರಿಗೆ ಮನಶ್ಶಾಸ್ತ್ರದ ನಂಟು ಹಳೆಯದು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತದ ವಿಭಾಗದ ನಂತರ ದೇಶದಲ್ಲಿ ಆರಂಭವಾದ ಮೊದಮೊದಲ ವಿಭಾಗಗಳಲ್ಲಿ ಅದೂ ಒಂದು. ಮೈಸೂರಿನಲ್ಲೇ ಮನಶ್ಶಾಸ್ತ್ರ ಓದಿದ ತ್ರಿವೇಣಿ ತಮ್ಮ ಕಾದಂಬರಿಗಳ ಮೂಲಕ ಮನೋರೋಗದ ವಿಷಯವನ್ನು ಮನೆಮನೆಯ ಓದಿಗೆ ತಂದರು.

ಇಂದು ನಗರದಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್‌ಎಸ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ. ಬಡಾವಣೆಗಳಲ್ಲಿ ಖಾಸಗಿ ಕೌನ್ಸೆಲಿಂಗ್ ಕೇಂದ್ರಗಳಿವೆ. ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರ ಭೇಟಿ ಏರ್ಪಡಿಸುವ ವ್ಯವಸ್ಥೆ ರೂಪುಗೊಂಡಿದೆ. ಇಷ್ಟಿದ್ದರೂ ಬಾಗಿಲವರೆಗೆ ಬರುವವರು ಕಡಿಮೆಯೇ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗೆ ಇತ್ತು.

ಯಾರನ್ನು ಕಾಣಬೇಕು?

ಒಂದೇ ಬೋರ್ಡಿನ ಕೆಳಗೆ ನಾಲ್ಕು ಬಗೆಯ ಜನ ಕೆಲಸ ಮಾಡುವುದರಿಂದ ಈ ಪ್ರಶ್ನೆ ಸಹಜ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ವೈದ್ಯರು. ಔಷಧಿ ಬರೆಯುವ ಅಧಿಕಾರ ಇವರದು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಶ್ಶಾಸ್ತ್ರ ಓದಿ, ಆಸ್ಪತ್ರೆಯ ತರಬೇತಿ ಮುಗಿಸಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ಪರೀಕ್ಷೆಗಳನ್ನು ನಡೆಸುವುದು, ಥೆರಪಿ ನೀಡುವುದು ಇವರ ಕೆಲಸ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ, ಕೆಲಸ, ಸರ್ಕಾರಿ ಸೌಲಭ್ಯ ಇವುಗಳ ಕಡೆಯಿಂದ ಸಮಸ್ಯೆಯನ್ನು ನೋಡುತ್ತಾರೆ. ಆಪ್ತಸಮಾಲೋಚಕರು ಶಾಲೆ, ಕಾಲೇಜು, ಕೌಟುಂಬಿಕ ನ್ಯಾಯಾಲಯ, ಖಾಸಗಿ ಕೇಂದ್ರ ಎಲ್ಲೆಡೆ ಇದ್ದಾರೆ.

ಆಪ್ತಸಮಾಲೋಚಕರ ವಿದ್ಯಾರ್ಹತೆಯಲ್ಲಿ ಅಜಗಜಾಂತರವಿದೆ. ಎರಡು ವರ್ಷ ಎಂಎಸ್‌ಸಿ ಓದಿದವರೂ ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಅದೇ ಹೆಸರನ್ನು ಬಳಸಿಕೊಳ್ಳುತ್ತಾರೆ. 2021ರ ಸಂಬಂಧಿತ ಹಾಗೂ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಹಾಗಾಗಿ “ಮೇಡಂ, ತಾವು ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯ್ತು?” ಎಂದು ಕೇಳುವುದು ಉದ್ಧಟತನವಲ್ಲ. ಸರಿಯಾದ ತರಬೇತಿ ಇರುವವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ನೋಂದಣಿ ಇದ್ದವರು ಅದರ ಸಂಖ್ಯೆಯನ್ನೂ ಕೊಡುತ್ತಾರೆ.

ಮಾತ್ರೆಯೋ ಮಾತೋ ಎಂಬುದು ಕಾಯಿಲೆಯನ್ನು ಅವಲಂಬಿಸಿದ ವಿಷಯ. ಸ್ಕಿಜೋಫ್ರೀನಿಯ, ಬೈಪೋಲಾರ್ ಕಾಯಿಲೆಗಳಲ್ಲಿ ಔಷಧಿಯೇ ಚಿಕಿತ್ಸೆಯ ಬುನಾದಿ. ಥೆರಪಿ ಅದಕ್ಕೆ ಜೊತೆ. ಸೌಮ್ಯ ಖಿನ್ನತೆ, ಆತಂಕ, ದಾಂಪತ್ಯದ ಒಡಕು, ಸಾವಿನ ದುಃಖ ಇಂಥ ಕಡೆ ಮಾತೊಂದೇ ಸಾಕಾಗಬಹುದು. ನಡುವಿನ ಅನೇಕ ಸ್ಥಿತಿಗಳಲ್ಲಿ ಎರಡೂ ಬೇಕಾಗುತ್ತವೆ. ಥೆರಪಿಗೆ ಹೋಗುತ್ತಿದ್ದೇವಲ್ಲ ಎಂದು ವೈದ್ಯರಿಗೆ ತಿಳಿಸದೆ ಮಾತ್ರೆ ಬಿಡುವುದು ಅಪಾಯ.

ಹರಕೆ, ಮಠ, ಜ್ಯೋತಿಷ್ಯಗಳ ಜೊತೆಗೆ ಥೆರಪಿ ನಡೆಸಬಹುದೇ ಎಂಬ ಪ್ರಶ್ನೆಯನ್ನು ಬಹಳ ಜನ ಅಳುಕುತ್ತಲೇ ಕೇಳುತ್ತಾರೆ. ಉಡುಪಿ ಕಡೆಯ ಕೋಟದಲ್ಲಿ ಮೋರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿ 1976ರಲ್ಲಿ ಪುಸ್ತಕವಾಗಿ ತಂದ ಅಧ್ಯಯನದಲ್ಲಿ ಪಾತ್ರಿ, ಮಂತ್ರವಾದಿ, ವೈದ್ಯ, ಡಾಕ್ಟರು ಎಲ್ಲರೂ ಇದ್ದಾರೆ. ಕಷ್ಟ ಬಂದವರು ಒಂದೇ ಬಾಗಿಲು ತಟ್ಟುವುದಿಲ್ಲ. ನಂಬಿಕೆ ಇಟ್ಟುಕೊಂಡೇ ಥೆರಪಿ ಪಡೆಯಲು ಅಡ್ಡಿಯಿಲ್ಲ. ದೇಹಕ್ಕೆ ಹಿಂಸೆ ಕೊಡುವ, ಮಾತ್ರೆ ಬಿಡಿಸುವ ಕ್ರಮಗಳ ಬಗ್ಗೆ ಮಾತ್ರ ಥೆರಪಿಸ್ಟ್ ಖಂಡಿತವಾದ ಮಾತು ಹೇಳಬೇಕಾಗುತ್ತದೆ.

ಒಳಗೆ ಏನು ನಡೆಯುತ್ತದೆ?

ಮೊದಲ ಭೇಟಿ ಹೆಚ್ಚಿನಂಶ ವಿಚಾರಣೆಯದು: ಏನು ತೊಂದರೆ, ಯಾವಾಗಿನಿಂದ, ನಿದ್ದೆ ಊಟ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಚಿಕಿತ್ಸೆ ಆಗಿತ್ತಾ, ಸಾಯಬೇಕೆಂಬ ಯೋಚನೆ ಬಂದಿತ್ತಾ. ಕೊನೆಯ ಪ್ರಶ್ನೆ ಕೇಳಿದರೆ ಅಂಥ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಮನೆಯವರಿಗಿರುತ್ತದೆ. ಅದಕ್ಕೆ ಆಧಾರವಿಲ್ಲ; ನೇರವಾಗಿ ಕೇಳಿದಾಗ ಎಷ್ಟೋ ಜನಕ್ಕೆ ಹಗುರವಾಗುತ್ತದೆ. ಮುಂದಿನ ಭೇಟಿಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ, 45ರಿಂದ 60 ನಿಮಿಷ.

“ಸುಮ್ಮನೆ ಮಾತಾಡಿದರೆ ಏನು ಬಂತು, ನನ್ನ ಫ್ರೆಂಡ್ ಹತ್ರಾನೂ ಮಾತಾಡ್ತೀನಲ್ಲ” ಎಂಬ ಮಾತು ಪದೇಪದೇ ಬರುತ್ತದೆ. ಗೆಳೆಯರ ಮಾತಿನಲ್ಲಿ ಕೊಡುಕೊಳ್ಳುವಿಕೆ ಇರುತ್ತದೆ. ಅವರ ಕಷ್ಟಕ್ಕೂ ಕಿವಿಯಾಗಬೇಕು, ಅವರಿಗೆ ನೋವಾಗದಂತೆ ಮಾತಾಡಬೇಕು. ಥೆರಪಿಯಲ್ಲಿ ಆ ಹೊಣೆ ಇಲ್ಲ. ಜೊತೆಗೆ ಮಾತಿಗೆ ಒಂದು ಕ್ರಮವೂ ಇರುತ್ತದೆ. 1960ರ ದಶಕದಲ್ಲಿ ಏರನ್ ಬೆಕ್ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆಯ ಒಂದು ಸಣ್ಣ ಅಭ್ಯಾಸವನ್ನು ನೋಡಬಹುದು. ಎಂಎ ಓದುವ ಹುಡುಗಿ ಎದುರಿಗೆ ಬಂದ ಮೇಷ್ಟ್ರಿಗೆ ನಮಸ್ಕಾರ ಹೇಳುತ್ತಾಳೆ; ಅವರು ನೋಡದೆ ಹೋಗುತ್ತಾರೆ. ಅವಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆಯುತ್ತಾಳೆ. ನಡೆದದ್ದು: ಸರ್ ಮಾತಾಡಿಸಲಿಲ್ಲ. ಮನಸ್ಸಿಗೆ ಬಂದದ್ದು: ನನ್ನ ಸೆಮಿನಾರ್ ಹಾಳಾಯ್ತು, ಅದಕ್ಕೇ. ಆತಂಕ: ನೂರಕ್ಕೆ 80. ಪರವಾದ ಪುರಾವೆ: ಸೆಮಿನಾರಿನಲ್ಲಿ ಎರಡು ಕಡೆ ತಡವರಿಸಿದ್ದು. ವಿರುದ್ಧ ಪುರಾವೆ: ಸೆಮಿನಾರಿನ ಮರುದಿನ ಅವರೇ ಪುಸ್ತಕ ಕೊಟ್ಟದ್ದು, ಆಗ ಕಿವಿಗೆ ಫೋನು ಇಟ್ಟುಕೊಂಡಿದ್ದದ್ದು. ಬದಲಿ ಮಾತು: ಬಹುಶಃ ನೋಡಿರಲಿಕ್ಕಿಲ್ಲ. ಈಗ ಆತಂಕ: 40. ಒಂದು ಸಲ ಬರೆದದ್ದರಿಂದ ಏನೂ ಆಗದು. ವಾರಗಟ್ಟಲೆ ಬರೆದಾಗ, ತನ್ನ ಮನಸ್ಸು ಯಾವ ಯಾವ ಜಾಗದಲ್ಲಿ ಒಂದೇ ತೀರ್ಮಾನಕ್ಕೆ ಜಾರುತ್ತದೆ ಎಂಬುದು ಅವಳಿಗೇ ಕಾಣಿಸುತ್ತದೆ.

ಸಲಹೆ ಯಾಕೆ ಕೊಡುವುದಿಲ್ಲ?

“ನೀವೇ ಹೇಳಿ ಸರ್, ನಾನು ಗಂಡನ ಮನೆಗೆ ವಾಪಸ್ ಹೋಗಲಾ ಬೇಡವಾ?” ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗದಿದ್ದಾಗ ಫೀಸು ದಂಡವಾಯಿತೆಂದು ಅನ್ನಿಸುವುದುಂಟು. ಹಿರಿಯರು ದಾರಿ ತೋರಬೇಕು, ಕಿರಿಯರು ನಡೆಯಬೇಕು ಎಂಬ ರೂಢಿಯಲ್ಲಿ ಬೆಳೆದವರ ನಿರೀಕ್ಷೆ ಅದು. ಮನೋವೈದ್ಯ ಜೆ.ಎಸ್. ನೇಕಿ 1973ರ ಪ್ರಬಂಧವೊಂದರಲ್ಲಿ, ಭಾರತದಲ್ಲಿ ಥೆರಪಿಸ್ಟ್ ಮತ್ತು ರೋಗಿಯ ನಂಟಿಗೆ ಗುರು-ಶಿಷ್ಯ ಸಂಬಂಧ ಮಾದರಿಯಾಗಬಲ್ಲದೆಂದು ವಾದಿಸಿದರು. ಆ ವಾದದ ಪ್ರಭಾವದಿಂದಲೂ ರೂಢಿಯ ಒತ್ತಡದಿಂದಲೂ ಇಲ್ಲಿನ ಅನೇಕ ಥೆರಪಿಸ್ಟ್‌ಗಳು ಪಶ್ಚಿಮದ ಪಠ್ಯಪುಸ್ತಕಗಳು ಹೇಳುವುದಕ್ಕಿಂತ ಹೆಚ್ಚು ನೇರವಾಗಿ ಮಾತಾಡುತ್ತಾರೆ.

ಆದರೂ ಒಂದು ಗೆರೆ ಉಳಿಯುತ್ತದೆ. ನಿದ್ದೆಯ ಕ್ರಮ, ಕುಡಿತ, ಹೊಡೆತದಿಂದ ಪಾರಾಗುವ ದಾರಿ, ಕಾನೂನಿನ ನೆರವು ಇವುಗಳ ಬಗ್ಗೆ ಥೆರಪಿಸ್ಟ್ ಸ್ಪಷ್ಟ ಸಲಹೆ ಕೊಡಬಹುದು, ಕೊಡಬೇಕು. ಮದುವೆ, ವಿಚ್ಛೇದನ, ನೌಕರಿ ಬಿಡುವುದು ಇಂಥವುಗಳಲ್ಲಿ ತೀರ್ಮಾನದ ಫಲ ಉಣ್ಣುವವರು ಕ್ಲೈಂಟ್, ಅಂದರೆ ಥೆರಪಿಗೆ ಬಂದವರು. ಥೆರಪಿಸ್ಟ್ ನಿರ್ಧರಿಸಿದರೆ ಮನೆಯಲ್ಲಿ ಅಪ್ಪನೋ ಅತ್ತೆಯೋ ನಿರ್ಧರಿಸುತ್ತಿದ್ದ ಜಾಗಕ್ಕೆ ಇನ್ನೊಬ್ಬರು ಬಂದು ಕೂತಂತಾಯಿತು, ಅಷ್ಟೇ.

ಫಲಿಸುತ್ತದೆಯೇ, ಎಷ್ಟು ದಿನ ಬೇಕು?

1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಥೆರಪಿ ಪಡೆದವರು ಪಡೆಯದವರಿಗಿಂತ ಗಣನೀಯವಾಗಿ ಸುಧಾರಿಸಿದ್ದು ಕಂಡುಬಂತು. ಕೆನೆತ್ ಹೊವಾರ್ಡ್ ಮತ್ತು ಸಂಗಡಿಗರ 1986ರ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಜನ 8 ಸೆಷನ್‌ಗಳ ಹೊತ್ತಿಗೆ, ಮುಕ್ಕಾಲು ಪಾಲು ಜನ 26ರ ಹೊತ್ತಿಗೆ ಅಳೆಯಬಹುದಾದಷ್ಟು ಸುಧಾರಿಸಿದ್ದರು. ಒಂದೇ ತೊಂದರೆಗೆ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ ಸಾಮಾನ್ಯವಾಗಿ 12ರಿಂದ 20 ಸೆಷನ್‌ಗಳಲ್ಲಿ ಮುಗಿಯುತ್ತದೆ. ಬಾಲ್ಯದಿಂದ ಬಂದ ಗಾಯಗಳಿಗೆ ವರ್ಷಗಳೇ ಬೇಕಾಗಬಹುದು. ಮೊದಲ ಕೆಲವು ವಾರ ಅಳು, ಆಯಾಸ ಹೆಚ್ಚಿದಂತೆ ಕಾಣುವುದುಂಟು. ಮುಚ್ಚಿಟ್ಟದ್ದನ್ನು ತೆಗೆದಾಗ ಇದು ಆಗುವುದೇ. ಆದರೆ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದನ್ನು ಚರ್ಚಿಸಬೇಕು.

ಯಾವ ಪದ್ಧತಿ ಮೇಲು ಎಂಬ ಜಗಳಕ್ಕಿಂತ ಸಂಬಂಧದ ಗುಣಮಟ್ಟ ಮುಖ್ಯವೆಂಬ ವಿಚಾರ ಹಳೆಯದು. ಕಾರ್ಲ್ ರೋಜರ್ಸ್ 1957ರಲ್ಲಿ ಎದುರಿನವರ ಕಣ್ಣಿನಿಂದ ನೋಡುವುದು, ಷರತ್ತಿಲ್ಲದ ಆದರ, ನಟನೆಯಿಲ್ಲದ ನಡೆ ಇವನ್ನು ಬದಲಾವಣೆಗೆ ಬೇಕಾದ ಷರತ್ತುಗಳೆಂದರು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಈ ಸಂಬಂಧವನ್ನು ಮೂರು ಭಾಗ ಮಾಡಿದರು: ಗುರಿಯ ಬಗ್ಗೆ ಒಪ್ಪಂದ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಂದ, ಇಬ್ಬರ ನಡುವಿನ ವಿಶ್ವಾಸ. 2018ರಲ್ಲಿ ಕ್ರಿಸ್ಟೋಫ್ ಫ್ಲೂಕಿಗರ್ ಮತ್ತು ಸಂಗಡಿಗರು 295 ಅಧ್ಯಯನಗಳ, 30 ಸಾವಿರಕ್ಕೂ ಹೆಚ್ಚು ಕ್ಲೈಂಟ್‌ಗಳ ಮಾಹಿತಿ ಕೂಡಿಸಿದಾಗ, ಈ ಸಂಬಂಧದ ಗುಣಮಟ್ಟಕ್ಕೂ ಫಲಿತಾಂಶಕ್ಕೂ ನಡುವಿನ ಸಹಸಂಬಂಧ ಸುಮಾರು 0.28 ಎಂದು ಬಂತು. ಸಂಖ್ಯೆ ಚಿಕ್ಕದು, ಫಲಿತಾಂಶದ ವ್ಯತ್ಯಾಸದಲ್ಲಿ ಶೇ. 8ರಷ್ಟನ್ನು ಮಾತ್ರ ಅದು ವಿವರಿಸುತ್ತದೆ. ಆದರೆ ಪದ್ಧತಿ ಯಾವುದಾದರೂ ದೇಶ ಯಾವುದಾದರೂ ಅದು ಹೆಚ್ಚುಕಡಿಮೆ ಹಾಗೇ ಸಿಗುತ್ತದೆ ಎಂಬುದರಲ್ಲಿ ಅದರ ಬೆಲೆ ಇದೆ.

ಹೇಳಿದ್ದು ಹೊರಗೆ ಹೋಗುತ್ತದೆಯೇ?

ಮೈಸೂರಿನಂಥ ಊರಿನಲ್ಲಿ ಈ ಭಯ ಎಲ್ಲಕ್ಕಿಂತ ದೊಡ್ಡದು. ಥೆರಪಿಸ್ಟ್‌ನ ಅತ್ತಿಗೆ ಕ್ಲೈಂಟ್‌ನ ಮಗಳ ಶಾಲೆಯಲ್ಲಿ ಟೀಚರ್ ಆಗಿರಬಹುದು. ಕಾಯುವ ಬೆಂಚಿನಲ್ಲೇ ದೂರದ ಸಂಬಂಧಿ ಸಿಗಬಹುದು. ಹೆಣ್ಣಿನ ಮದುವೆ ಮಾತುಕತೆ ನಡೆಯುತ್ತಿದ್ದರಂತೂ ಮನೆಯವರು ಬೇರೆ ಬಡಾವಣೆಯ, ಬೇರೆ ಊರಿನ ಕ್ಲಿನಿಕ್ ಹುಡುಕುತ್ತಾರೆ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯಲ್ಲಿ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡ, ಬಂಧುಗಳು, ನೆರೆಹೊರೆಯವರು ಕಾಯಿಲೆಯ ಕಣ್ಣಿನಿಂದಲೇ ನೋಡಿ ಮತ್ತೆ ಕಾಯಿಲೆಗೆ ತಳ್ಳುತ್ತಾರೆ. ಆ ಭಯ ಇಂದಿಗೂ ಹೋಗಿಲ್ಲ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರ ಮಾಹಿತಿಯನ್ನು ಗುಟ್ಟಾಗಿಡುವುದನ್ನು ಹಕ್ಕೆಂದು ಸಾರುತ್ತದೆ. 25ನೇ ಸೆಕ್ಷನ್ ತಮ್ಮ ದಾಖಲೆಗಳನ್ನು ನೋಡುವ ಹಕ್ಕನ್ನು ಕೊಡುತ್ತದೆ. ವಿನಾಯಿತಿಗಳೂ ಇವೆ: ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಬೇರೆಯವರಿಗೆ ಹಾನಿ ತಪ್ಪಿಸಬೇಕಾದಾಗ, ಚಿಕಿತ್ಸೆ ನೀಡುವ ಇತರ ವೃತ್ತಿಪರರಿಗೆ ತಿಳಿಸಬೇಕಾದಾಗ, ಸಕ್ಷಮ ನ್ಯಾಯಾಲಯ ಅಥವಾ ಪ್ರಾಧಿಕಾರ ಆದೇಶಿಸಿದಾಗ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ. ಈ ಗಡಿಗಳನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುವುದು ಒಳ್ಳೆಯ ಥೆರಪಿಸ್ಟ್‌ನ ಲಕ್ಷಣ.

ಕಾನೂನಿಗಿಂತ ತೊಡಕಿನದು ಮನೆಯವರ ಪ್ರಶ್ನೆ. ಮಗಳನ್ನು ಕರೆತಂದ ತಾಯಿ ಜೊತೆಗೇ ಒಳಗೆ ಬಂದು ಕೂರುತ್ತಾರೆ. “ನಿದ್ದೆ ಬರುತ್ತಾ?” ಎಂದು ಮಗಳನ್ನು ಕೇಳಿದರೆ “ಎಲ್ಲಿ ಮೇಡಂ, ರಾತ್ರಿ ಎರಡರವರೆಗೂ ಮೊಬೈಲು” ಎಂದು ತಾಯಿ ಉತ್ತರಿಸುತ್ತಾರೆ. ತಾಯಿಯನ್ನು ಹೊರಗೆ ಕಳಿಸಿದರೆ ಅವಮಾನ, ಕಳಿಸದಿದ್ದರೆ ಮಗಳ ಬಾಯಿ ಬಂದ್. ರೂಢಿಯಲ್ಲಿರುವ ದಾರಿ ಎಂದರೆ ಮೊದಲು ಇಬ್ಬರ ಜೊತೆ, ನಂತರ ಮಗಳೊಬ್ಬಳ ಜೊತೆ, ಕೊನೆಗೆ ತಾಯಿಗೆ ಏನು ಹೇಳಬೇಕೆಂದು ಮಗಳ ಜೊತೆಯೇ ಗೊತ್ತುಮಾಡಿಕೊಂಡು ಮತ್ತೆ ಇಬ್ಬರ ಜೊತೆ ಮಾತಾಡುವುದು. 18 ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕು. ಆದರೆ ಆ ಒಪ್ಪಿಗೆಯಿಂದ ಮಗು ಆಡಿದ ಪ್ರತಿ ಮಾತಿನ ವರದಿ ಅವರಿಗೆ ಸಲ್ಲಬೇಕು ಎಂದಾಗುವುದಿಲ್ಲ.

ಹತ್ತಿರ ಎಷ್ಟು, ದೂರ ಎಷ್ಟು?

ಯಾರಿಗೂ ಹೇಳದ್ದನ್ನು ಹೇಳಿಕೊಂಡವರ ಮೇಲೆ ಮಮತೆ ಹುಟ್ಟುವುದು ಸಹಜ. ಅವರು ಅಮ್ಮನಂತೆ, ಅಣ್ಣನಂತೆ ಕಾಣಿಸಬಹುದು. ಪ್ರೇಮವೂ ಹುಟ್ಟಬಹುದು, ದ್ವೇಷವೂ. ಹಳೆಯ ಸಂಬಂಧಗಳ ಭಾವನೆಗಳು ಎದುರಿನವರ ಮೇಲೆ ಬಂದು ಕೂರುವುದನ್ನು ಫ್ರಾಯ್ಡ್ ನೂರು ವರ್ಷಗಳಿಗೂ ಹಿಂದೆಯೇ ಗುರುತಿಸಿ, ಅದು ಚಿಕಿತ್ಸೆಗೆ ತಡೆಯೂ ಹೌದು ಸಾಧನವೂ ಹೌದು ಎಂದಿದ್ದರು. ಅಂಥ ಭಾವನೆ ಬಂದದ್ದು ತಪ್ಪಲ್ಲ. ಅದನ್ನು ಹೇಳಿಕೊಂಡರೆ ಕೆಲಸಕ್ಕೆ ಬರುತ್ತದೆ. ಥೆರಪಿಸ್ಟ್ ಆ ಭಾವನೆಗೆ ಸ್ಪಂದಿಸಿ ಖಾಸಗಿ ಸಂಬಂಧಕ್ಕೆ ಇಳಿಯುವುದು ಮಾತ್ರ ವೃತ್ತಿಧರ್ಮದ ಘೋರ ಉಲ್ಲಂಘನೆ. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ ಚಿತ್ರದಲ್ಲಿ (1982) ಶ್ರೀನಾಥ್ ಅಭಿನಯಿಸಿದ ಮನೋವೈದ್ಯ ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸಿ, ಅವಳು ಇನ್ನೊಬ್ಬನನ್ನು ಮೆಚ್ಚಿದಾಗ ತಾನೇ ಹುಚ್ಚನಾಗುತ್ತಾನೆ. ಪ್ರೇಕ್ಷಕರ ಕಣ್ಣೀರು ವೈದ್ಯನ ಪಾಲಾಯಿತು. ವೃತ್ತಿಯ ದೃಷ್ಟಿಯಿಂದ ನೋಡಿದರೆ ದುರಂತ ಶುರುವಾದದ್ದು ಆತ ಗೆರೆ ದಾಟಿದ ಗಳಿಗೆಯಲ್ಲಿ.

ಸಣ್ಣಪುಟ್ಟ ಗೆರೆಗಳ ವಿಷಯದಲ್ಲಿ ಇಲ್ಲಿನ ರೂಢಿ ಬೇರೆ. ಕೆಲಸ ಸಿಕ್ಕಿತೆಂದು ಮೈಸೂರು ಪಾಕಿನ ಡಬ್ಬಿ ತರುವವರಿದ್ದಾರೆ. ಮದುವೆಯ ಕರೆಯೋಲೆಗೆ ಅರಿಶಿನ ಹಚ್ಚಿ ತರುವವರಿದ್ದಾರೆ, ಕಾಲಿಗೆ ಬೀಳುವವರೂ ಇದ್ದಾರೆ. ಸಿಹಿಯ ಒಂದು ತುಂಡನ್ನು ನಿರಾಕರಿಸಿದರೆ ಅದೇ ಗಾಯವಾದೀತು ಎಂದು ಹೆಚ್ಚಿನ ಥೆರಪಿಸ್ಟ್‌ಗಳು ಸ್ವೀಕರಿಸುತ್ತಾರೆ. ಹಣ, ಚಿನ್ನ, ಸೀರೆ, ನಿವೇಶನ ಕೊಡಿಸುವ ಮಾತು ಬಂದರೆ ಕೈಮುಗಿಯುತ್ತಾರೆ. ಸಾಲ, ವ್ಯಾಪಾರ, ಮನೆ ಬಾಡಿಗೆಯ ವ್ಯವಹಾರಗಳೂ ಹಾಗೆಯೇ ವರ್ಜ್ಯ. ಸ್ನೇಹಿತರಿಗೆ, ಬಂಧುಗಳಿಗೆ ಥೆರಪಿ ಕೊಡುವುದಿಲ್ಲ. ಫೇಸ್‌ಬುಕ್ ಗೆಳೆತನದ ಕೋರಿಕೆ ಒಪ್ಪುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲೋ ದಸರಾ ವಸ್ತುಪ್ರದರ್ಶನದಲ್ಲೋ ಎದುರಾದರೆ ಥೆರಪಿಸ್ಟ್ ತಾನಾಗಿ ಮಾತಾಡಿಸುವುದಿಲ್ಲ. ಅದು ಅಸಡ್ಡೆಯಲ್ಲ, “ಇವರು ಯಾರು?” ಎಂದು ಜೊತೆಯಲ್ಲಿದ್ದವರು ಕೇಳಿದರೆ ಏನು ಹೇಳಬೇಕೆಂಬ ಆಯ್ಕೆಯನ್ನು ಕ್ಲೈಂಟ್‌ಗೆ ಬಿಡುವ ಕ್ರಮ.

ಥೆರಪಿಸ್ಟ್‌ನ ಸ್ವಂತ ಬದುಕಿನ ಬಗ್ಗೆಯೂ ಪ್ರಶ್ನೆಗಳು ಬರುತ್ತವೆ: ಮದುವೆ ಆಗಿದೆಯಾ, ಯಾವ ಜನ, ಯಾವ ಊರು. ನಂಬಬಹುದೇ ಎಂದು ತಿಳಿಯುವ ಇಲ್ಲಿನ ಸಹಜ ರೀತಿ ಅದು. ಕೆಲವರು ಚುಟುಕಾಗಿ ಉತ್ತರಿಸುತ್ತಾರೆ, ಕೆಲವರು ಪ್ರಶ್ನೆಯ ಹಿಂದಿನ ಅಳುಕನ್ನು ಮಾತಿಗೆ ತರುತ್ತಾರೆ. “ಮದುವೆ ಆಗದವರಿಗೆ ನನ್ನ ಕಷ್ಟ ಅರ್ಥ ಆಗುತ್ತಾ?” ಎಂಬುದು ಹಲವು ಸಲ ಅಸಲಿ ಪ್ರಶ್ನೆ.

ರಾತ್ರಿ ಹೊತ್ತು ಫೋನ್ ಮಾಡಬಹುದೇ, ವಾಟ್ಸ್‌ಆ್ಯಪ್‌ನಲ್ಲಿ ಬರೆಯಬಹುದೇ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಮಯ ಬದಲಿಸಲು ಮೆಸೇಜು, ಮಾತೆಲ್ಲ ಸೆಷನ್‌ನಲ್ಲಿ ಎಂಬುದು ಸಾಮಾನ್ಯ ಏರ್ಪಾಡು. ತುರ್ತಿಗೆ ಒಬ್ಬ ವ್ಯಕ್ತಿಯನ್ನೇ ನೆಚ್ಚಿಕೊಳ್ಳುವುದು ಕ್ಷೇಮವಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯವಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗವೇ ಸರಿ.

ಮನಸ್ತಾಪ ಬಂದಾಗ

ಥೆರಪಿಸ್ಟ್ ಆಡಿದ ಮಾತು ಚುಚ್ಚಬಹುದು, ಹೇಳಿದ್ದು ಮರೆತಿರಬಹುದು, ಆಕಳಿಸಿರಬಹುದು. ದೊಡ್ಡವರ ಎದುರು ಮಾತಾಡಬಾರದೆಂದು ಬೆಳೆದವರು ಇಂಥ ಹೊತ್ತಿನಲ್ಲಿ ತಲೆಯಾಡಿಸಿ, ನಮಸ್ಕಾರ ಹೇಳಿ, ಮುಂದಿನ ವಾರ ಬರುವುದಿಲ್ಲ. “ಊರಿಗೆ ಹೋಗಬೇಕಿತ್ತು ಮೇಡಂ” ಎಂಬ ಮೆಸೇಜು ಬರುತ್ತದೆ. “ಹೋದ ವಾರ ನೀವು ಅಮ್ಮನ ಪರ ಮಾತಾಡಿದಿರಿ ಅನ್ನಿಸಿತು” ಎಂದು ಬಂದು ಹೇಳಿದರೆ ನಡೆಯುವುದೇ ಬೇರೆ. ಥೆರಪಿಸ್ಟ್ ವಾದಿಸದೆ ಕೇಳಿ, ತನ್ನ ಪಾಲಿನದನ್ನು ಒಪ್ಪಿಕೊಂಡರೆ, ಸಿಟ್ಟು ತೋರಿಸಿದರೂ ಸಂಬಂಧ ಮುರಿಯುವುದಿಲ್ಲ ಎಂಬ ಅನುಭವ ಕೆಲವರಿಗೆ ಬದುಕಿನಲ್ಲೇ ಮೊದಲ ಸಲ ಆಗುತ್ತದೆ. ಬಿರುಕು ಬಿಟ್ಟು ಮತ್ತೆ ಕೂಡಿಕೊಂಡ ಚಿಕಿತ್ಸೆಗಳಲ್ಲಿ ಫಲಿತಾಂಶ ಉತ್ತಮವೆಂದು ಅಧ್ಯಯನಗಳೂ ತೋರಿಸುತ್ತವೆ.

ಎಲ್ಲವೂ ಕೂಡಿಬರುವುದಿಲ್ಲ. ಮೂರು ನಾಲ್ಕು ಸಲ ಹೋದ ಮೇಲೂ ಹೊಂದಿಕೆ ಬಾರದಿದ್ದರೆ ಬೇರೆಯವರ ಹೆಸರು ಕೇಳಬಹುದು, ಅದರಲ್ಲಿ ದ್ರೋಹವಿಲ್ಲ. ಕೆಲವು ನಡೆಗಳಿಗೆ ಮಾತ್ರ ಮಾತುಕತೆಯ ಅಗತ್ಯವೂ ಇಲ್ಲ, ಕೂಡಲೇ ನಿಲ್ಲಿಸಬೇಕು: ಮೈಮುಟ್ಟುವ ಅಸಭ್ಯ ವರ್ತನೆ, ಸಾಲ ಕೇಳುವುದು, ಜಾತಿ, ಧರ್ಮ ಅಥವಾ ಲೈಂಗಿಕ ಒಲವನ್ನು ಹೀಯಾಳಿಸುವುದು, ಸಲಿಂಗ ಒಲವನ್ನು ‘ಸರಿಪಡಿಸುವ’ ಭರವಸೆ, ಬೇರೆ ಕ್ಲೈಂಟ್‌ಗಳ ಕಥೆ ಹೆಸರು ಹಿಡಿದು ಹೇಳುವುದು. ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಮೇಲಿನದು ಪುನರ್ವಸತಿ ಪರಿಷತ್ತಿಗೆ ಸಲ್ಲುತ್ತದೆ. 2017ರ ಕಾಯ್ದೆಯ ಹಕ್ಕುಗಳಿಗೆ ಧಕ್ಕೆಯಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಇದೆ.

ಹಣ, ಅಂತರ, ಮುಕ್ತಾಯ

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಅತ್ಯಲ್ಪ, ಆದರೆ ಜನಜಂಗುಳಿಯಲ್ಲಿ ಒಬ್ಬರಿಗೆ ಸಿಗುವ ನಿಮಿಷಗಳೂ ಅಲ್ಪ. ಖಾಸಗಿಯಲ್ಲಿ ಸಮಯ ಸಿಗುತ್ತದೆ, ವಾರವಾರದ ಫೀಸು ಸಂಬಳದ ಮನೆಗೂ ಭಾರ. ರಿಯಾಯಿತಿ ಕೇಳುವುದಕ್ಕೆ ಸಂಕೋಚ ಬೇಕಿಲ್ಲ. ಕೆಲವರು ಆದಾಯ ನೋಡಿ ಫೀಸು ಇಳಿಸುತ್ತಾರೆ, ಎರಡು ವಾರಕ್ಕೊಮ್ಮೆ ಕರೆಯುತ್ತಾರೆ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಒದಗಿಸಬೇಕೆಂದು 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೂ ವಿಮೆಯ ಉಪಯೋಗ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದಾಗ ಮಾತ್ರ.

2020ರ ನಂತರ ಆನ್‌ಲೈನ್ ಸೆಷನ್‌ಗಳು ಮಾಮೂಲಾಗಿವೆ. ಹೆಗ್ಗಡದೇವನಕೋಟೆಯವರಿಗೆ ಬಸ್ಸಿನ ಓಡಾಟ ಉಳಿಯುತ್ತದೆ, ವಿದೇಶದಲ್ಲಿರುವ ಮೈಸೂರಿನವರಿಗೆ ಕನ್ನಡದಲ್ಲೇ ಅಳಲು ಸಾಧ್ಯವಾಗುತ್ತದೆ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇಲ್ಲದವರು ಮಾತ್ರ ತಾರಸಿಯನ್ನೋ ನಿಂತ ಕಾರನ್ನೋ ಆಶ್ರಯಿಸಬೇಕು.

ಥೆರಪಿ ಮುಗಿಯುವುದನ್ನೂ ಇಬ್ಬರೂ ಕೂತೇ ಗೊತ್ತುಮಾಡುತ್ತಾರೆ. ಮೊದಲು ಒಪ್ಪಿಕೊಂಡ ಗುರಿ ಬಹುಮಟ್ಟಿಗೆ ಈಡೇರಿದಾಗ, ಕಷ್ಟ ಬಂದರೆ ಏನು ಮಾಡಬೇಕೆಂದು ಕ್ಲೈಂಟ್‌ಗೇ ಹೊಳೆಯತೊಡಗಿದಾಗ, ಭೇಟಿಗಳ ನಡುವಿನ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ಕೊನೆಯ ಒಂದೆರಡು ಸೆಷನ್‌ಗಳಲ್ಲಿ ಏನು ಬದಲಾಯಿತು, ಏನು ಉಳಿಯಿತು, ಮರುಕಳಿಸುವ ಮುನ್ಸೂಚನೆಗಳೇನು ಎಂಬುದನ್ನು ಪಟ್ಟಿ ಮಾಡುತ್ತಾರೆ. ಮುಂದೆ ಮತ್ತೆ ಬರಬೇಕಾದರೆ ಅದು ಸೋಲಲ್ಲ. ಹಳೆಯ ದಾಖಲೆ ಇರುವುದರಿಂದ ಎರಡನೆಯ ಸಲದ ಚಿಕಿತ್ಸೆ ಹಲವು ಬಾರಿ ಚಿಕ್ಕದಾಗಿಯೇ ಮುಗಿಯುತ್ತದೆ.